ಕುದುರೆಮುಖ: ಕಂಪನಿ ಕೊಟ್ಟಿದ್ದೆಷ್ಟು, ಕೊಡಬೇಕಾದ್ದೆಷ್ಟು?

ಇವತ್ತಿನ ಎಪಿಸೋಡ್ ಒಂದು ಬೆಟ್ಟದ ಬಗ್ಗೆ, ಆ ಬೆಟ್ಟ ಅಗೆದ ಒಂದು ಕಂಪನಿಯ ಬಗ್ಗೆ. ಜೊತೆಗೆ ನಾವೆಲ್ಲ ಈಗ ದಿನಾ ಕೇಳೋ ಒಂದು ಪದದ ಬಗ್ಗೆ: ಸಿಎಸ್‌ಆರ್.

ಸರ್ಕಾರಿ ಶಾಲೆಯ ಬೆಂಚಿನ ಮೇಲೆ, ಬಸ್ ಸ್ಟಾಪಿನ ತಗಡಿನ ಮೇಲೆ, ಆಸ್ಪತ್ರೆಯ ಕುಡಿಯೋ ನೀರಿನ ಟ್ಯಾಂಕಿನ ಮೇಲೆ ಯಾವುದೋ ಕಂಪನಿಯ ಲೋಗೋ, ಕೆಳಗೆ 'ಸಿಎಸ್‌ಆರ್ ನಿಧಿಯಿಂದ' ಅನ್ನೋ ಸಾಲು. ನೋಡಿರ್ತೀರಿ. ಒಳ್ಳೇದೇ, ಬೆಂಚು ಬಂತು, ಮಕ್ಕಳು ಕೂತರು. ಆದರೆ ಆ ಲೋಗೋ ನೋಡಿದಾಗೆಲ್ಲ ನನಗೊಂದು ಪ್ರಶ್ನೆ ಏಳುತ್ತೆ. ಈ ಕಂಪನಿ ಊರಿಗೆ ಏನು ಕೊಟ್ಟಿದೆ ಅಂತ ಬೋರ್ಡ್ ಹೇಳುತ್ತೆ. ಊರಿಗೆ ಏನು ಕೊಡಬೇಕಿದೆ ಅಂತ ಯಾರು ಹೇಳ್ತಾರೆ?

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಪೇಪರ್‌ನಲ್ಲಿ ಎಲ್ಲಕ್ಕಿಂತ ಮೊದಲು ತಲೆಗೆ ಹತ್ತೋ ವಿಷಯ ಅಂದ್ರೆ ದೇಣಿಗೆ ಬೇರೆ, ಬಾಕಿ ಬೇರೆ. ದೇಣಿಗೆ ಕೊಡೋದು ಕೈಯಲ್ಲಿ ದುಡ್ಡಿದ್ದಾಗ, ಮನಸ್ಸು ಬಂದಾಗ. ಬಾಕಿ ಹಾಗಲ್ಲ. ಅದನ್ನ ಲೆಕ್ಕಕ್ಕೆ ಹಿಡಿಯದೆ ಈ ವರ್ಷ ಲಾಭ ಎಷ್ಟು ಅಂತ ಹೇಳೋಕೇ ಬರಲ್ಲ. ಕುದುರೆಮುಖದ ಕಥೆಯನ್ನ ಈ ಒಂದು ವ್ಯತ್ಯಾಸ ಇಟ್ಟುಕೊಂಡು ನೋಡೋಣ ಅಂತ ನನ್ನ ಆಸೆ.

ಇರಾನಿನ ದುಡ್ಡು, ಮಲೆನಾಡಿನ ಬೆಟ್ಟ

ಕುದುರೆಮುಖ ಇರೋದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ನೆತ್ತಿಯ ಮೇಲೆ. ದೂರದಿಂದ ನೋಡಿದರೆ ಕುದುರೆಯ ಮೂತಿ ಥರ ಕಾಣೋ ಶಿಖರ, ಅದಕ್ಕೇ ಆ ಹೆಸರು. ಮಳೆ ಶುರುವಾದರೆ ನಿಲ್ಲೋ ಮಾತೇ ಇಲ್ಲದ ಜಾಗ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇದೇ ಬೆಟ್ಟಸಾಲಿನ ಗಂಗಾಮೂಲದ ಸುತ್ತ. ಬೆಟ್ಟದ ಮೈಮೇಲೆ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ ಕಾಡು.

1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಕಬ್ಬಿಣದ ಅದಿರು ಇದೆ ಅಂತ ಗುರುತಿಸಿದರು. ಆದರೆ ಅದು ಬಳ್ಳಾರಿ ಅದಿರಿನ ಥರ ಶ್ರೀಮಂತ ಅದಿರಲ್ಲ. ನೂರು ಕೆಜಿ ಕಲ್ಲಿನಲ್ಲಿ ಮೂವತ್ತೆಂಟು ಕೆಜಿ ಆಸುಪಾಸು ಕಬ್ಬಿಣ, ಅಷ್ಟೇ. ಹಾಗಾಗಿ ಐವತ್ತು ವರ್ಷಕ್ಕೂ ಮೇಲೆ ಅದು ಬೆಟ್ಟದಲ್ಲೇ ಮಲಗಿತ್ತು.

1970ರ ದಶಕದಲ್ಲಿ ಎಲ್ಲ ಬದಲಾಯ್ತು. ತೈಲದ ಬೆಲೆ ಏರಿ ಇರಾನಿನ ಶಾ ಕೈಯಲ್ಲಿ ದುಡ್ಡು ತುಂಬಿತ್ತು, ಅವರ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. 1975ರ ನವೆಂಬರ್‌ನಲ್ಲಿ ಭಾರತ ಮತ್ತು ಇರಾನ್ ನಡುವೆ ಒಪ್ಪಂದ ಆಯ್ತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡೋದು, ನಾವು ಎರಡು ದಶಕ ಅದಿರು ಕಳಿಸೋದು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಇವತ್ತಿನ ಹೆಸರು ಕೆಐಒಸಿಎಲ್.

ಕೆಲಸ ಭರದಿಂದ ಸಾಗಿತು. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಶಾ ದೇಶ ಬಿಟ್ಟರು. ಮಾತು ಕೊಟ್ಟಿದ್ದ ಸಾಲದಲ್ಲಿ ಅರ್ಧಕ್ಕಿಂತ ಕಡಿಮೆ ಬಂದಿತ್ತು, ಉಳಿದದ್ದು ಬರಲೇ ಇಲ್ಲ. ಅದಿರು ಕೊಳ್ಳೋನೂ ಹೋದ. ಬಾಕಿ ಹಣವನ್ನ ಭಾರತ ಸರ್ಕಾರವೇ ಹಾಕಿ 1980ರಲ್ಲಿ ಘಟಕ ಮುಗಿಸಿತು. ಅಂದ್ರೆ ಕಂಪನಿ ಅದಿರು ಮಾರೋಕೆ ಶುರು ಮಾಡೋ ಮುಂಚೆನೇ ಸಾಲ ಇತ್ತು, ಗಿರಾಕಿ ಇರಲಿಲ್ಲ. ಇಂಥ ಪರಿಸ್ಥಿತಿಯಲ್ಲಿ ಬೆಟ್ಟಕ್ಕೆ ಏನಾಗುತ್ತೆ, ನದಿಗೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಮೀಟಿಂಗ್‌ನಲ್ಲಿ ಎಷ್ಟು ಸಮಯ ಸಿಕ್ಕಿರಬಹುದು, ನೀವೇ ಊಹಿಸಿ.

ಮೂರು ಟನ್ ಅಗೆದರೆ ಒಂದು ಟನ್

ಈ ಗಣಿ ಹೇಗೆ ಕೆಲಸ ಮಾಡ್ತಿತ್ತು ಅನ್ನೋದು ಗೊತ್ತಾದರೆ ಮುಂದಿನ ಜಗಳವೆಲ್ಲ ಸುಲಭವಾಗಿ ಅರ್ಥ ಆಗುತ್ತೆ.

ಕಡಿಮೆ ಗುಣಮಟ್ಟದ ಅದಿರು ಅಂದೆನಲ್ಲ, ಅದನ್ನ ಹಾಗೇ ಮಾರೋಕೆ ಆಗಲ್ಲ. ಕಲ್ಲನ್ನ ಹಿಟ್ಟಿನ ಥರ ನುಣ್ಣಗೆ ಅರೆದು, ನೀರು ಬೆರೆಸಿ, ಕಬ್ಬಿಣದ ಅಂಶ ಬೇರೆ ಮಾಡಬೇಕು. ಹೀಗೆ ಮಾಡಿದಾಗ ಸಿಗೋ ಸಾಂದ್ರೀಕೃತ ಅದಿರಿನಲ್ಲಿ ಕಬ್ಬಿಣ ಶೇ. 67ರಷ್ಟು. ವರ್ಷಕ್ಕೆ 75 ಲಕ್ಷ ಟನ್ ತೆಗೆಯೋ ಸಾಮರ್ಥ್ಯದ ಘಟಕ ಅದು. ಅರೆದ ಅದಿರು ನೀರಿನ ಜೊತೆ ಗಂಜಿಯ ಥರ ಆಗಿ, 67 ಕಿಲೋಮೀಟರ್ ಪೈಪ್‌ನಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಲಾರಿ ಇಲ್ಲ, ರೈಲಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಇವತ್ತಿಗೂ ಮೆಚ್ಚಬೇಕಾದ ಕೆಲಸ.

ಆದರೆ ಒಂದು ಟನ್ ಅದಿರು ಮಂಗಳೂರಿಗೆ ಹೋಗಬೇಕಾದರೆ ಮೇಲೆ ಸುಮಾರು ಮೂರು ಟನ್ ಕಲ್ಲು ಅರೆಯಬೇಕು. ಉಳಿದ ಎರಡು ಟನ್? ಅದೇ ನುಣ್ಣನೆಯ ಕೆಸರು. ಗಣಿ ಭಾಷೆಯಲ್ಲಿ ಟೈಲಿಂಗ್ಸ್ ಅಂತಾರೆ. ಅದನ್ನ ಹಿಡಿದಿಡೋಕೆ ಅಂತಲೇ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡವಾಗಿ ಒಂದು ಅಣೆಕಟ್ಟು ಕಟ್ಟಿದರು. ಎತ್ತರ ಸುಮಾರು ನೂರು ಮೀಟರ್. ಮೂವತ್ತು ಮಹಡಿಯ ಕಟ್ಟಡದಷ್ಟು ಅಂದುಕೊಳ್ಳಿ. ಕರ್ನಾಟಕದಲ್ಲಿ ನೀರಾವರಿಗೆ, ಕರೆಂಟಿಗೆ ಕಟ್ಟಿದ ಡ್ಯಾಮ್‌ಗಳ ಹೆಸರು ನಮಗೆ ಬಾಯಿಪಾಠ. ಕೆಸರು ತುಂಬಿಡೋಕೆ ಕಟ್ಟಿದ ಇಷ್ಟು ದೊಡ್ಡ ಡ್ಯಾಮ್ ಒಂದಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಲಕ್ಯಾ ಅನ್ನೋ ಹೆಸರು ನೆನಪಿಟ್ಕೊಳ್ಳಿ. ಮತ್ತೆ ಬರ್ತೀವಿ.

ಒಳ್ಳೆ ಕಂಪನಿ

ಈಗ ಕಂಪನಿಯ ಕಡೆಯಿಂದ ನೋಡೋಣ. ಕಾಡಿನ ನಡುವೆ ಒಂದು ಟೌನ್‌ಶಿಪ್ ಎದ್ದಿತು. ಸಾಲು ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಅಂಗಡಿ ಬೀದಿ, ಟಾರ್ ರಸ್ತೆ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಹೆರಿಗೆಗೆ ಕಂಬಳಿ ಜೋಲಿ ಕಟ್ಟಿ ಹೊತ್ಕೊಂಡು ಹೋಗ್ತಿದ್ದ ಕಾಲ ಅದು. ಕೇಂದ್ರ ಸರ್ಕಾರದ ಕೆಲಸ, ತಿಂಗಳ ಸಂಬಳ, ಪಿಎಫ್. ಸಾವಿರಾರು ಕುಟುಂಬಗಳ ಒಂದು ಇಡೀ ತಲೆಮಾರು ಅಲ್ಲಿ ಬೆಳೆದು ಡಾಕ್ಟರು, ಎಂಜಿನಿಯರು ಆಯ್ತು. ಕುದುರೆಮುಖ ಅಂದ್ರೆ ಈಗಲೂ ಕಣ್ಣು ತುಂಬಿಕೊಳ್ಳೋ ಜನ ಇದ್ದಾರೆ, ಅದಕ್ಕೆ ಕಾರಣವೂ ಇದೆ.

ಕಂಪನಿ ಗಿಡನೂ ನೆಟ್ಟಿತು, ಲಕ್ಷಗಟ್ಟಲೆ. ವರದಿಗಳಲ್ಲಿ ಅದಕ್ಕೆ ದೊಡ್ಡ ಜಾಗ. ಆಗಿನ್ನೂ ಸಿಎಸ್‌ಆರ್ ಕಾನೂನೂ ಇಲ್ಲ, 'ಸಸ್ಟೇನಬಿಲಿಟಿ' ಪದ ಇಷ್ಟು ಚಾಲ್ತಿಯಲ್ಲೂ ಇಲ್ಲ. ಆದರೆ ಇವತ್ತಿನ ಒಂದು ಸಸ್ಟೇನಬಿಲಿಟಿ ರಿಪೋರ್ಟ್‌ನಲ್ಲಿ ಏನೇನು ಹಾಕ್ತಾರೋ, ಅದರಲ್ಲಿ ಬಹುಪಾಲು ಈ ಕಂಪನಿ ಆವಾಗಲೇ ಮಾಡ್ತಿತ್ತು.

ಗಿಡದ ವಿಷಯದಲ್ಲಿ ಮಾತ್ರ ಒಂದು ನಿಮಿಷ ನಿಲ್ಲೋಣ. ಹುಲ್ಲುಗಾವಲು ನೋಡಿದರೆ ನಮಗೆ 'ಖಾಲಿ ಜಾಗ' ಅನ್ಸುತ್ತೆ, ಗಿಡ ನೆಡೋಣ ಅನ್ಸುತ್ತೆ. ಆದರೆ ಕುದುರೆಮುಖದ ಹುಲ್ಲುಗಾವಲು ಖಾಲಿ ಅಲ್ಲ. ಅಷ್ಟು ಮಳೆಯನ್ನ ಸ್ಪಂಜಿನ ಥರ ಹೀರಿಕೊಂಡು ಬೇಸಿಗೆಯವರೆಗೂ ತೊರೆಗಳಿಗೆ ನಿಧಾನವಾಗಿ ಬಿಡೋದರಲ್ಲಿ ಆ ಹುಲ್ಲಿಗೂ ಶೋಲಾಗೂ ಸಮಪಾಲಿದೆ. ಅದರ ಮೇಲೆ ಅಕೇಶಿಯಾದಂಥ ಹೊರಗಿನ ಜಾತಿಯ ಮರ ಬೆಳೆಸಿದರೆ ಮರದ ಲೆಕ್ಕ ಏರುತ್ತೆ, ಹುಲ್ಲುಗಾವಲು ಹೋಗುತ್ತೆ. ವರದಿಯಲ್ಲಿ ಜಮಾ ಆದದ್ದು ಬೆಟ್ಟದ ಖಾತೆಯಲ್ಲಿ ಖರ್ಚು. ಇವತ್ತು ಕಂಪನಿಗಳು 'ಇಷ್ಟು ಲಕ್ಷ ಗಿಡ ನೆಟ್ವಿ' ಅಂದಾಗ ಎಲ್ಲಿ ನೆಟ್ಟಿರಿ, ಏನು ನೆಟ್ಟಿರಿ ಅಂತ ಕೇಳೋದನ್ನ ನಾವು ಕಲಿಯಬೇಕು.

ಹೂಳು ಕೆಳಗೆ ಹೋಗುತ್ತೆ

ಕಾಡಿನ ಕಡೆಯಿಂದ ಮೊದಲ ದೊಡ್ಡ ಮಾತು ಬಂದಿದ್ದು 1980ರ ದಶಕದಲ್ಲಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಭಾಗದಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1987ರಲ್ಲಿ ಸರ್ಕಾರ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನ ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂತ ಮೊದಲ ಹಂತದ ಅಧಿಸೂಚನೆ ಹೊರಡಿಸಿತು. ಉದ್ಯಾನವೂ ಅಲ್ಲೇ, ಗಣಿಯೂ ಅಲ್ಲೇ.

ಇನ್ನೊಂದು ಸಮಸ್ಯೆ ನೀರಿನದು. ವರ್ಷಕ್ಕೆ ಕೆಲವೇ ತಿಂಗಳಲ್ಲಿ ಸಾವಿರಾರು ಮಿಲಿಮೀಟರ್ ಮಳೆ ಸುರಿಯೋ ಕಡೆ ಬೆಟ್ಟದ ಚರ್ಮ ಸುಲಿದಿಟ್ಟರೆ ಏನಾಗುತ್ತೆ? ಮಣ್ಣು ನದಿಗಿಳಿಯುತ್ತೆ. ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ಹೂಳನ್ನ ಅಳೆದು ಅಧ್ಯಯನ ಮಾಡಿದರು. ಭದ್ರಾ ಜಲಾಶಯದ ಜಲಾನಯನ ಪ್ರದೇಶದಲ್ಲಿ ಗಣಿಯ ಪಾಲು ಶೇ. 1ಕ್ಕಿಂತ ಕಡಿಮೆ. ಜಲಾಶಯಕ್ಕೆ ಬರೋ ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ಕಂಪನಿ ಇದನ್ನ ಒಪ್ಪಲಿಲ್ಲ, ತನ್ನ ಕಡೆಯ ತಜ್ಞರ ವರದಿ ಮುಂದಿಟ್ಟಿತು.

ಈ ಭದ್ರೆಯ ನೀರು ಲಕ್ಕವಳ್ಳಿಯ ಜಲಾಶಯ ದಾಟಿ ಭದ್ರಾವತಿ, ದಾವಣಗೆರೆಯ ಕಡೆ ಕಾಲುವೆಗಳಲ್ಲಿ ಹರಿಯುತ್ತೆ. ಅಲ್ಲಿನ ಗದ್ದೆ, ಅಡಿಕೆ ತೋಟ ಎಲ್ಲ ಈ ನೀರಿನದೇ. ಜಲಾಶಯದ ತಳದಲ್ಲಿ ಹೂಳು ಕೂತರೆ ಅಷ್ಟು ನೀರು ಕಡಿಮೆ ನಿಲ್ಲುತ್ತೆ. ಕಾಲುವೆಯ ಕೊನೇ ಭಾಗದ ರೈತನಿಗೆ ನೀರು ಮುಟ್ಟಲಿಲ್ಲ ಅಂದಾಗ ಆತ ಬೈಯೋದು ಸೌಡಿಯನ್ನ, ಎಂಜಿನಿಯರನ್ನ, ಮೇಲಿನ ಊರಿನವರನ್ನ. ನೂರಾರು ಕಿಲೋಮೀಟರ್ ದೂರದ ಗಣಿ ಆತನಿಗೆ ಕಾಣಲ್ಲ. ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಆ ರೈತನೂ ಕಾಣಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ 'ಎಕ್ಸ್‌ಟರ್ನಾಲಿಟಿ' ಅಂತ ಹೆಸರು. ಸರಳವಾಗಿ ಹೇಳೋದಾದ್ರೆ ಲಾಭ ನಮ್ಮ ಮನೆಗೆ, ಖರ್ಚು ಪಕ್ಕದ ಮನೆಗೆ.

ಲೀಸ್ ಮುಗೀತು, ಗಣಿ ಮುಗೀಲಿಲ್ಲ

ಗಣಿಯ ಲೀಸ್ 4,605 ಹೆಕ್ಟೇರ್‌ದು. 1969ರಿಂದ 30 ವರ್ಷ. 1999ರ ಜುಲೈಗೆ ಮುಗೀತು. ಕಂಪನಿ ಇನ್ನೂ 20 ವರ್ಷ ಕೇಳಿತು. ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಯಿತು. 2001ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಡಿಸುವಾಗ ಗಣಿಗೆ ಸಂಬಂಧಿಸಿದ ಸಾವಿರಾರು ಹೆಕ್ಟೇರ್ ಜಾಗವನ್ನ ಗೆರೆಯಿಂದ ಹೊರಗಿಟ್ಟಿತು.

ಇಲ್ಲೊಂದು ಮಾತು ಹೇಳಲೇಬೇಕು. ಇದೇ ಉದ್ಯಾನದ ಗೆರೆಯೊಳಗೆ ಮಲೆಕುಡಿಯರು, ಸಣ್ಣ ಹಿಡುವಳಿದಾರರು ತಲೆಮಾರುಗಳಿಂದ ಬದುಕುತ್ತಿದ್ದರು. ಅವರಿಗೆ ಕಾಡು ಬಿಟ್ಟು ಹೋಗಿ ಅನ್ನೋ ಒತ್ತಡ ಬಂತು. ಗಣಿಗೋಸ್ಕರ ಬಾಗಿದ ಗೆರೆ ಅವರಿಗೋಸ್ಕರ ಬಾಗಲಿಲ್ಲ. ಪರಿಸರ ಉಳಿಸೋ ಕಥೆ ಹೇಳುವಾಗ ಈ ಪುಟ ಹಾರಿಸಿಬಿಡೋದು ಸುಲಭ, ಆದರೆ ಸರಿಯಲ್ಲ.

ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದವರು ಅವರು. ಕಂಪನಿಯ ವಾದಕ್ಕೂ ತೂಕ ಇತ್ತು. ಸಾವಿರಾರು ಜನರ ಕೆಲಸ, ದೇಶಕ್ಕೆ ವಿದೇಶಿ ವಿನಿಮಯ, ಮಂಗಳೂರು ಬಂದರಿಗೆ ವ್ಯಾಪಾರ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಈಗಾಗಲೇ ಅಗೆದ ಜಾಗದಲ್ಲಿ ಮಾತ್ರ, 2005ರ ಕೊನೆಯವರೆಗೆ ಮಾತ್ರ, ಆಮೇಲೆ ನಿಲ್ಲಿಸಬೇಕು. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿ ನಿಂತಿತು. ಕೇಂದ್ರ ಸರ್ಕಾರದ್ದೇ ಒಂದು ಕಂಪನಿಯ ದೊಡ್ಡ ಗಣಿಯನ್ನ, ನೆಲದಲ್ಲಿ ಇನ್ನೂ ಅದಿರಿರುವಾಗಲೇ, ಕಾಡಿನ ಕಾರಣಕ್ಕೆ ಕೋರ್ಟ್ ಮುಚ್ಚಿಸಿತು.

ಗೇಟಿಗೆ ಬೀಗ ಬಿದ್ದ ಮೇಲೆ

ಹೋರಾಟದ ಕಥೆಗಳು ಸಾಮಾನ್ಯವಾಗಿ ತೀರ್ಪಿನ ದಿನ ಮುಗಿದುಬಿಡ್ತವೆ. ನನ್ನ ಪ್ರಕಾರ ಸಿಎಸ್‌ಆರ್‌ನ ನಿಜವಾದ ಪಾಠ ಶುರುವಾಗೋದೇ ಅಲ್ಲಿಂದ.

ನೌಕರರಲ್ಲಿ ಎಷ್ಟೋ ಜನ ಸ್ವಯಂ ನಿವೃತ್ತಿ ತಗೊಂಡರು, ಕೆಲವರು ಮಂಗಳೂರಿನ ಪೆಲೆಟ್ ಘಟಕಕ್ಕೆ ಹೋದರು. ಕ್ವಾರ್ಟರ್ಸ್‌ಗಳು ಖಾಲಿಯಾದವು. ಟೌನ್‌ಶಿಪ್ ನಂಬಿ ಅಂಗಡಿ ಇಟ್ಟವರಿಗೆ, ದಿನಗೂಲಿ ಮಾಡಿದವರಿಗೆ ವಿಆರ್‌ಎಸ್ ಅನ್ನೋದೇನೂ ಇರಲಿಲ್ಲ. ಆ ಜಾಗದಲ್ಲಿ ಇಕೋ ಟೂರಿಸಂ ಮಾಡ್ತೀವಿ ಅಂತ ಕಂಪನಿ ಪ್ರಸ್ತಾಪ ಇಟ್ಟಿತು, ಪರಿಸರದವರು ವಿರೋಧಿಸಿದರು.

ಲಕ್ಯಾ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೋಟಿಗಟ್ಟಲೆ ಟನ್ ಕೆಸರು ಹೊತ್ಕೊಂಡು ಇವತ್ತೂ ಅಲ್ಲೇ ಇದೆ. ಕಾರ್ಖಾನೆ ಮುಚ್ಚಬಹುದು, ಜನ ಊರು ಬಿಡಬಹುದು, ಕೆಸರಿನ ಡ್ಯಾಮ್‌ಗೆ ರಿಟೈರ್‌ಮೆಂಟ್ ಇಲ್ಲ. ಪ್ರತಿ ಮಳೆಗಾಲಕ್ಕೂ ಅದರ ಮೇಲೆ ಕಣ್ಣಿಡಬೇಕು, ನೀರು ಹೊರಹೋಗೋ ದಾರಿ ಸರಿ ಇದೆಯಾ ನೋಡಬೇಕು. ನಾವು ಸತ್ತ ಮೇಲೂ ಯಾರಾದರೂ ನೋಡ್ತಾ ಇರಬೇಕು.

ಇದು ಯಾಕೆ ಮುಖ್ಯ ಅಂತ ಅರ್ಥ ಆಗೋಕೆ ಬ್ರೆಜಿಲ್‌ನ ಒಂದು ಉದಾಹರಣೆ. ಅಲ್ಲೂ ಕಬ್ಬಿಣದ ಗಣಿ, ಅಲ್ಲೂ ಕೆಸರಿನ ಡ್ಯಾಮ್. 2019ರ ಜನವರಿ 25ರಂದು ಬ್ರುಮಾಡಿನ್ಯೋ ಅನ್ನೋ ಊರಿನ ಹತ್ತಿರ ವಾಲೆ ಕಂಪನಿಯ ಡ್ಯಾಮ್ ಒಡೀತು. 270 ಜನ ಸತ್ತರು. ಆ ಡ್ಯಾಮ್‌ಗೆ ಕೆಲವು ವರ್ಷಗಳಿಂದ ಹೊಸ ಕೆಸರು ಬೀಳುತ್ತಲೇ ಇರಲಿಲ್ಲ, ಅದು ಕೆಲಸ ಮುಗಿಸಿ ಸುಮ್ಮನೆ ನಿಂತಿದ್ದ ಡ್ಯಾಮ್. 2021ರಲ್ಲಿ ಕಂಪನಿ ಸುಮಾರು 700 ಕೋಟಿ ಡಾಲರ್ ಪರಿಹಾರದ ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಲಕ್ಯಾ ಮತ್ತು ಆ ಡ್ಯಾಮ್ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ, ಯಾರೂ ಗಾಬರಿ ಬೀಳೋದು ಬೇಡ. ಗಣಿ ನಿಂತ ಮಾತ್ರಕ್ಕೆ ಹೊಣೆ ನಿಲ್ಲಲ್ಲ, ಅಷ್ಟೇ ನನ್ನ ಮಾತು.

ಶೇಕಡಾ ಎರಡು ಮತ್ತು ಉಳಿದದ್ದು

ಈಗ ಕಾನೂನಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಜಾರಿಗೆ ಬಂದಿದ್ದು 2014ರ ಏಪ್ರಿಲ್ 1ಕ್ಕೆ. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ. ಇದರಲ್ಲಿ ಯಾವುದಾದರೂ ಒಂದು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಾಲೆ, ಆರೋಗ್ಯ, ಪರಿಸರ ಹೀಗೆ ಒಂದು ಪಟ್ಟಿ ಇದೆ. ಬೆಂಚಿನ ಮೇಲಿನ ಲೋಗೋ ಬಂದಿದ್ದು ಇಲ್ಲಿಂದ.

ಕಾನೂನಿನಲ್ಲೇ ಇರೋ ಒಂದು ಸಣ್ಣ ವಾಕ್ಯವನ್ನ ಯಾರೂ ಪೋಸ್ಟರ್ ಮಾಡಲ್ಲ. ಬೇರೆ ಯಾವುದೇ ಕಾನೂನಿನ ಪ್ರಕಾರ ಕಂಪನಿ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ 2021ರ ತಿದ್ದುಪಡಿ ನಿಯಮಗಳು ಸ್ಪಷ್ಟವಾಗಿ ಹೇಳ್ತವೆ. ಅಂದ್ರೆ ನೀವು ಹೊಳೆಗೆ ಬಿಟ್ಟ ಕೊಳೆ ತೆಗೆದು, ಅದನ್ನ ಸಮಾಜಸೇವೆ ಅಂತ ಬರೆಯೋ ಹಾಗಿಲ್ಲ. ದೇಣಿಗೆ ಬೇರೆ, ಬಾಕಿ ಬೇರೆ. ಕಾನೂನಿಗೂ ಗೊತ್ತು.

ಹಾಗಾದ್ರೆ ಬಾಕಿಯ ಕಡೆ ಎಷ್ಟು ಗಟ್ಟಿ ಇದ್ದೀವಿ? ಗಣಿ ಮುಚ್ಚುವಾಗ ಜಾಗ ಸರಿ ಮಾಡೋ ಯೋಜನೆ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು ಅನ್ನೋ ನಿಯಮ ಬಂದಿದ್ದೇ 2003ರಲ್ಲಿ, ಕುದುರೆಮುಖಕ್ಕೆ ಮುಚ್ಚುವ ಆದೇಶ ಬಂದ ಮೇಲೆ. ದೊಡ್ಡ ಯಾಂತ್ರೀಕೃತ ಗಣಿಗೆ ಖಾತರಿ ಎಷ್ಟು ಗೊತ್ತಾ? ಹೆಕ್ಟೇರ್‌ಗೆ 25,000 ರೂಪಾಯಿ. ಸಾವಿರ ಹೆಕ್ಟೇರ್ ಅಗೆದವನು ಎರಡೂವರೆ ಕೋಟಿ ಗ್ಯಾರಂಟಿ ಇಟ್ಟರೆ ಮುಗೀತು. 2017ರಲ್ಲಿ ಅದು ಹೆಕ್ಟೇರ್‌ಗೆ 3 ಲಕ್ಷ ಆಯ್ತು. ನೂರು ಮೀಟರ್ ಡ್ಯಾಮ್ ಒಂದನ್ನ ನೂರು ವರ್ಷ ಕಾಯೋಕೆ ಇದು ಯಾವ ಮೂಲೆಗೆ?

ಅದೇ ಲೆಕ್ಕ ಈಗ ಸಂಡೂರಿನಲ್ಲಿ ತಲೆ ಎತ್ತಿದೆ. ಸ್ವಂತ ಗಣಿ ಇಲ್ಲದ ಕೆಐಒಸಿಎಲ್ ಹೊರಗಿನ ಅದಿರು ಕೊಂಡು ಮಂಗಳೂರಿನ ಪೆಲೆಟ್ ಘಟಕ ನಡೆಸ್ತಾ ಬಂತು, ಅದು ನಿಂತು ನಿಂತು ಓಡ್ತಿದೆ. ಹಾಗಾಗಿ ಕಂಪನಿಗೆ ಬಳ್ಳಾರಿ ಜಿಲ್ಲೆಯ ದೇವದಾರಿ ಗಣಿ ಬೇಕು, ಅದೂ ಸುಮಾರು 400 ಹೆಕ್ಟೇರ್ ಕಾಡಿನಲ್ಲಿದೆ. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರ ಉಕ್ಕು ಸಚಿವರಾಗಿ ಆ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಜಾಗ ಹಸ್ತಾಂತರ ಮಾಡಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು. ಅವರು ಕೊಟ್ಟ ಕಾರಣ, ಕುದುರೆಮುಖದಲ್ಲಿ ಆದ ಉಲ್ಲಂಘನೆಗಳಿಗೆ ಕಂಪನಿ ಕಟ್ಟಬೇಕಾದ್ದನ್ನ ಇನ್ನೂ ಪೂರ್ತಿ ಕಟ್ಟಿಲ್ಲ ಅನ್ನೋದು.

ಇದರಲ್ಲಿ ಕೇಂದ್ರ ಮತ್ತು ರಾಜ್ಯದ ರಾಜಕೀಯವೂ ಇದೆ, ಇಲ್ಲ ಅನ್ನಲ್ಲ. ಪೆಲೆಟ್ ಘಟಕ ನಂಬಿದ ಕಾರ್ಮಿಕರ ಅನ್ನದ ಪ್ರಶ್ನೆಯೂ ಇದೆ, ಅದು ಸಣ್ಣದಲ್ಲ. ಆದರೆ ಗಣಿ ನಿಂತು ಇಷ್ಟು ವರ್ಷವಾದ ಮೇಲೂ 'ಹಳೇ ಬಾಕಿ ಎಷ್ಟು' ಅನ್ನೋ ಜಗಳ ನಡೀತಿದೆ ಅಂದ್ರೆ, ಅದು ಗಣಿ ಓಡ್ತಿದ್ದಾಗ ಯಾರೂ ಬರೆದಿಡದ ಲೆಕ್ಕ. ವರ್ಷಾ ವರ್ಷಾ ಲಾಭ ಘೋಷಿಸಿದಾಗ, ಭದ್ರೆಯ ಹೂಳಿಗೆ ಇಷ್ಟು, ಲಕ್ಯಾ ಕಾಯೋಕೆ ಇಷ್ಟು, ಬೀದಿ ಅಂಗಡಿಯವನಿಗೆ ಇಷ್ಟು ಅಂತ ತೆಗೆದಿಟ್ಟಿದ್ದರೆ ಆ ಲಾಭ ಎಷ್ಟು ಉಳೀತಿತ್ತು? ಅದು ಸರ್ಕಾರದ ಕಂಪನಿ, ಮಾಲೀಕರು ನಾವೇ. ಲಾಭಾಂಶ ಒಂದು ಬಜೆಟ್‌ಗೆ ಹೋಯ್ತು, ಬಾಕಿ ಇನ್ನೊಂದು ಜಿಲ್ಲೆಯ ಹೊಳೆಯಲ್ಲಿ ಉಳೀತು.

ನಿಮ್ಮಲ್ಲಿ ಎಷ್ಟೋ ಜನ ಈಗಷ್ಟೇ ಕೆಲಸಕ್ಕೆ ಸೇರಿರ್ತೀರಿ. ಕಂಪನಿಯ ಸಿಎಸ್‌ಆರ್ ದಿನ ಟೀ ಶರ್ಟ್ ಹಾಕ್ಕೊಂಡು ಗಿಡ ನೆಡೋಕೆ ಕರೀತಾರೆ. ಖಂಡಿತಾ ಹೋಗಿ. ಬಂದ ಮೇಲೆ ನಿಮ್ಮ ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ. ಲಿಸ್ಟೆಡ್ ಕಂಪನಿ ಆದ್ರೆ ಅದರ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಸಿಎಸ್‌ಆರ್ ಅನ್ನೋ ಬಣ್ಣದ ಪುಟಗಳನ್ನ ದಾಟಿ, ಹಿಂದಿನ ಕಪ್ಪು ಬಿಳುಪು ಪುಟಗಳಿಗೆ ಹೋಗಿ. 'ಪ್ರಾವಿಷನ್ಸ್' ಮತ್ತು 'ಕಂಟಿಂಜೆಂಟ್ ಲಯಬಿಲಿಟೀಸ್' ಅಂತ ಎರಡು ಟಿಪ್ಪಣಿ ಇರ್ತವೆ. ಕಂಪನಿ ತಾನೇ ಒಪ್ಪಿಕೊಂಡಿರೋ ಬಾಕಿ ಅಲ್ಲಿರುತ್ತೆ. ಇನ್ನೂ ಒಪ್ಪದ, ಕೋರ್ಟ್‌ನಲ್ಲಿರೋ ಬಾಕಿಯೂ ಅಲ್ಲೇ.

ಓದಿ ನೋಡಿ, ಏನು ಸಿಕ್ತು ಅಂತ ವಾಯ್ಸ್ ನೋಟ್ ಕಳಿಸಿ. ಕುದುರೆಮುಖ ಟೌನ್‌ಶಿಪ್‌ನಲ್ಲಿ ಬೆಳೆದವರು, ಭದ್ರಾ ಕಾಲುವೆಯ ಕೊನೇ ಭಾಗದಲ್ಲಿ ಗದ್ದೆ ಇರೋರು ಯಾರಾದರೂ ಕೇಳ್ತಿದ್ರೆ ನಿಮ್ಮ ಮಾತು ವಿಶೇಷವಾಗಿ ಬೇಕು. ಮುಂದಿನ ವಾರ ಸಿಗೋಣ.